ನರ್ಸಿಗೆ ರಸಾಯನಶಾಸ್ತ್ರ ಯಾಕೆ ಗೊತ್ತಿರಬೇಕು?

ಆಂಧ್ರದ ಆಸ್ಪರಿ, ಆಲೂರು, ಆದೋನಿ ಸೀಮೆಯಲ್ಲಿ ಹತ್ತಿಗೆ ಎಣ್ಣೆ (ಕೀಟನಾಶಕ) ಹೊಡೆಯುವ ದಿನಗಳಲ್ಲಿ ಆಸ್ಪತ್ರೆಗೆ ಒಂದು ಬಗೆಯ ರೋಗಿ ಬರಬಹುದು: ಬಾಯಲ್ಲಿ ಜೊಲ್ಲು, ಮೈತುಂಬ ಬೆವರು, ಸೂಜಿಮೊನೆಯಷ್ಟು ಕಿರಿದಾದ ಕಣ್ಣಪಾಪೆ. ವೈದ್ಯರು ಅಟ್ರೊಪಿನ್ ಬರೆದು ಇನ್ನೊಬ್ಬ ರೋಗಿಯತ್ತ ಹೋಗುತ್ತಾರೆ. ಮಂಚದ ಪಕ್ಕ ಉಳಿಯುವವರು ನರ್ಸ್.

ಆರ್ಗನೋಫಾಸ್ಫೇಟ್ ಕೀಟನಾಶಕ ನರಗಳ ರಾಸಾಯನಿಕ ಅಸಿಟೈಲ್‌ಕೋಲಿನನ್ನು ಒಡೆಯುವ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಆ ರಾಸಾಯನಿಕ ಮಿತಿಮೀರಿದಾಗ ಶ್ವಾಸಕೋಶದಲ್ಲಿ ದ್ರವ ತುಂಬುತ್ತದೆ. ಅದರ ಪರಿಣಾಮ ತಡೆಯುವ ಅಟ್ರೊಪಿನ್ ಕಡಿಮೆಯಾದರೆ ರೋಗಿಗೆ ಉಸಿರು ಕಟ್ಟುತ್ತದೆ. ಹೆಚ್ಚಾದರೆ ಜ್ವರ, ಬಡಬಡಿಕೆ, ಹೊಟ್ಟೆಯುಬ್ಬರ. ಕಣ್ಣಪಾಪೆ ಹಿಗ್ಗಿದರೆ ಸಾಲದು, ಶ್ವಾಸಕೋಶದ ಸದ್ದು ತಿಳಿಯಾಗಬೇಕು. ಕೆಲವೇ ನಿಮಿಷಗಳಿಗೊಮ್ಮೆ ಇದನ್ನು ನೋಡಿ, ಕೇಳಿ, ಬರೆದಿಡುವ ಕೆಲಸ ನರ್ಸಿನದು.

ಇನ್ನು ಕಳೆನಾಶಕ ಪ್ಯಾರಾಕ್ವಾಟ್. ಏದುಸಿರು ಕಂಡೊಡನೆ ಆಕ್ಸಿಜನ್ ಹಚ್ಚುವುದು ವಾರ್ಡಿನ ರೂಢಿ. ಆದರೆ ಈ ವಿಷಕ್ಕೆ ಆಕ್ಸಿಜನ್ನೇ ಸಹಾಯಕ, ಶ್ವಾಸಕೋಶದ ಹಾನಿ ಹೆಚ್ಚಬಹುದು. ಆದ್ದರಿಂದ ರಕ್ತದಲ್ಲಿ ಆಕ್ಸಿಜನ್ ತೀರ ಇಳಿದಾಗ ಮಾತ್ರ ಅದನ್ನು ಕೊಡುತ್ತಾರೆ. ಡಬ್ಬಿಯ ಮೇಲಿನ ಹೆಸರು ಓದಿ, ‘ಡಾಕ್ಟರೇ, ಇದಕ್ಕೂ ಆಕ್ಸಿಜನ್ ಹಚ್ಚಲೇ?’ ಎಂದು ಕೇಳಲು ಕಾರಣ ಗೊತ್ತಿರಬೇಕು.

ಲೆಕ್ಕವೂ ಹಾಗೆಯೇ. ನಮ್ಮಲ್ಲಿ ಇನ್ಸುಲಿನ್ ಒಂದು ಮಿಲಿಲೀಟರಿಗೆ 40 ಯೂನಿಟ್, 100 ಯೂನಿಟ್ ಎರಡೂ ಬಗೆಯಲ್ಲಿ ಸಿಗುತ್ತದೆ. 100ರ ಔಷಧಿಯನ್ನು 40ರ ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ರೋಗಿಯ ಮೈಗೆ ಹೋಗುವುದು 50 ಯೂನಿಟ್.

ನರ್ಸಿಗೆ ಕೈಗುಣ, ಕರುಣೆ ಇದ್ದರೆ ಸಾಕು, ವಿಜ್ಞಾನ ವೈದ್ಯರಿಗಿರಲಿ ಎನ್ನುವವರಿದ್ದಾರೆ. ಈ ವೃತ್ತಿಗೆ ಅಡಿಪಾಯ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಹಾಗೆ ತಿಳಿದಿರಲಿಲ್ಲ. ಕ್ರಿಮಿಯಾ ಯುದ್ಧದಲ್ಲಿ ಗಾಯಕ್ಕಿಂತ ರೋಗಕ್ಕೆ ಹೆಚ್ಚು ಸೈನಿಕರು ಬಲಿಯಾದರೆಂದು ಆಕೆ ಅಂಕಿಅಂಶಗಳಿಂದ ತೋರಿಸಿದರು. 1858ರಲ್ಲಿ ಲಂಡನ್ನಿನ ಸ್ಟ್ಯಾಟಿಸ್ಟಿಕಲ್ ಸೊಸೈಟಿ ಸೇರಿದ ಮೊದಲ ಮಹಿಳೆಯೂ ಅವರೇ.

ಹಾಗೆಂದು ವಿಜ್ಞಾನ ಓದಿದವರಷ್ಟೇ ನರ್ಸ್ ಆಗಬೇಕೆಂದಲ್ಲ. ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಕೋರ್ಸಿಗೆ ಕಲಾ ವಿಭಾಗದವರೂ ಸೇರಬಹುದು. ಆ ಬಾಗಿಲು ಮುಚ್ಚಬಾರದು. ಬಡ ಮನೆಗಳ ಹೆಣ್ಣುಮಕ್ಕಳಿಗೆ ಅದು ಸಂಬಳದ ದಾರಿ. ಬದಲಾಗಬೇಕಾದದ್ದು ಒಳಗಿನ ಪಾಠ. ಮೊದಲ ವರ್ಷದ ಜೀವವಿಜ್ಞಾನವನ್ನು ಇಂಗ್ಲಿಷ್ ನೋಟ್ಸಿನಿಂದ ಬಾಯಿಪಾಠ ಮಾಡಿಸುವ ಬದಲು ವಾರ್ಡಿನ ರೋಗಿಯ ಮುಂದೆ ಕಲಿಸಲಿ. ಕನ್ನಡ, ತೆಲುಗು ಬಲ್ಲ ಮಕ್ಕಳಿಗೆ ಅವರ ಮಾತಿನಲ್ಲೇ ಬಿಡಿಸಿ ಹೇಳಲಿ. ಈಗಾಗಲೇ ಕೆಲಸದಲ್ಲಿರುವವರಿಗೆ ಪ್ರತಿ ವರ್ಷ ಎಣ್ಣೆ ಹೊಡೆಯುವ ಕಾಲ ಶುರುವಾಗುವ ಮೊದಲೇ ವಿಷ ಚಿಕಿತ್ಸೆಯ ತರಬೇತಿ ನಡೆಯಲಿ, ಅದನ್ನು ಡ್ಯೂಟಿಯ ವೇಳೆ ಎಂದೇ ಲೆಕ್ಕಕ್ಕೆ ಹಿಡಿಯಲಿ.