ಅಳೆಯದೆ ಜೋಡಿಸಿದ ಸೇತುವೆ

ಸೋಲದೇವನಹಳ್ಳಿಯಲ್ಲಿ ಎಂಜಿನಿಯರಿಂಗ್ ಓದುವ ಹುಡುಗನೊಬ್ಬ ತನ್ನ ಪ್ರಾಜೆಕ್ಟ್ ತೋರಿಸುತ್ತ, ‘ಇನ್ಮೇಲೆ ಉಕ್ಕಿನ ಸೇತುವೆನ ಫ್ಯಾಕ್ಟರಿ ಅಂಗಳದಲ್ಲಿ ಜೋಡಿಸಿ ನೋಡೋದೇ ಬೇಡ ಸಾರ್, ಎಲ್ಲ ಕಂಪ್ಯೂಟರಲ್ಲೇ ಆಗುತ್ತೆ’ ಎಂದ. ಹುಡುಗನ ಉತ್ಸಾಹಕ್ಕೆ ನನ್ನ ತಕರಾರಿಲ್ಲ. ಟೆಂಡರ್ ಬರೆಯುವವರೂ ಇದೇ ಮಾತಾಡತೊಡಗಿದರೆ ಮಾತ್ರ ಕಷ್ಟ. ಸಿಮ್ಯುಲೇಶನ್ನಿಂದ ಅಳತೆಯ ಕೆಲಸ ಹೆಚ್ಚುತ್ತದೆಯೇ ಹೊರತು ತಪ್ಪುವುದಿಲ್ಲ.

ಅವನ ಪರವಾದ ವಾದವೇನೂ ಹಗುರವಲ್ಲ. ಗರ್ಡರ್‌ಗಳನ್ನು ಸಾಲಾಗಿ ಹಾಸಿ, ಕ್ರೇನ್ ತಂದು, ಬೋಲ್ಟ್ ಹಾಕಿ, ಮತ್ತೆ ಎಲ್ಲವನ್ನೂ ಬಿಚ್ಚಬೇಕು. ಪೀಣ್ಯದ ಇಕ್ಕಟ್ಟಿನ ಶೆಡ್ಡುಗಳಲ್ಲಿ ಅಷ್ಟು ಜಾಗವೆಲ್ಲಿ? ಮೇಲಾಗಿ ನೆಲದ ಮೇಲೆ ಮಲಗಿದ ಗರ್ಡರ್‌ನ ಬಾಗು ಬೇರೆ, ಕಂಬದ ಮೇಲೆ ಕೂತು ಭಾರ ಹೊತ್ತಾಗಿನ ಬಾಗು ಬೇರೆ. ಆ ವ್ಯತ್ಯಾಸವನ್ನು ಕಂಪ್ಯೂಟರ್ ಹೇಳುತ್ತದೆ, ಅಂಗಳ ಹೇಳದು. ವೆಲ್ಡಿಂಗ್‌ನಲ್ಲಂತೂ ಅದರ ಉಪಕಾರ ದೊಡ್ಡದು. ಕರಗಿದ ಲೋಹ ಆರುವಾಗ ಕುಗ್ಗಿ ಪ್ಲೇಟನ್ನು ಎಳೆಯುತ್ತದೆ. ಯಾವ ಬದಿ ಮೊದಲು, ಯಾವುದು ಆಮೇಲೆ ಎಂದು ತೆರೆಯ ಮೇಲೆ ಹತ್ತು ಬಗೆಯಲ್ಲಿ ನೋಡಬಹುದು. ನಿಜವಾದ ಉಕ್ಕು ಒಮ್ಮೆ ಸೊಟ್ಟಗಾದರೆ ಗ್ಯಾಸ್ ಹಿಡಿದು ಕಾಯಿಸಿ ನೇರ ಮಾಡುತ್ತ ಕೂರಬೇಕು.

ಸರಿ, ತೆರೆಯ ಮೇಲೆ ಜೋಡಿಸುವುದು ಯಾವ ಗರ್ಡರನ್ನು? ಡ್ರಾಯಿಂಗಿನಲ್ಲಿರುವುದನ್ನೋ, ಶೆಡ್ಡಿನಲ್ಲಿ ತಯಾರಾದದ್ದನ್ನೋ? ಡ್ರಾಯಿಂಗಿನವು ಸೇರಿಯೇ ಸೇರುತ್ತವೆ, ಸೇರಲೆಂದೇ ಬರೆದದ್ದಲ್ಲವೆ! ಜಪಾನಿನವರು ಅಂಗಳದ ಜೋಡಣೆಯ ಬದಲು ಕಂಪ್ಯೂಟರ್ ಜೋಡಣೆಯನ್ನು ನೆಚ್ಚಿದ್ದು, ತಯಾರಾದ ತುಂಡುಗಳನ್ನು ಅಳೆದು ಆ ಅಂಕಿಗಳನ್ನೇ ಅದಕ್ಕೆ ಉಣಿಸಿ.

ಅಳೆಯುವುದೂ ಸುಲಭವಲ್ಲ. ಒಂದು ಡಿಗ್ರಿ ಬಿಸಿ ಏರಿದರೆ ಉಕ್ಕು ಮೀಟರಿಗೆ ಸುಮಾರು 0.012 ಮಿ.ಮೀ. ಹಿಗ್ಗುತ್ತದೆ. ಇಷ್ಟೇನಾ ಅನ್ನಿಸಬಹುದು. 20 ಮೀಟರ್ ಗರ್ಡರ್ ಬೆಳಗಿನ ಜಾವಕ್ಕಿಂತ 20 ಡಿಗ್ರಿ ಹೆಚ್ಚು ಕಾದರೆ 4.8 ಮಿ.ಮೀ. ಉದ್ದವಾಯಿತು. 24 ಮಿ.ಮೀ. ಬೋಲ್ಟಿಗೆ ಕೊರೆಯುವ ತೂತು 26 ಮಿ.ಮೀ.; ಸಿಗುವ ಸಡಿಲ ಎರಡೇ. ಮೇಲಿನ ಪಟ್ಟಿಗೆ ಬಿಸಿಲು, ಕೆಳಗಿನದಕ್ಕೆ ನೆರಳು ಬಿದ್ದರೆ ಗರ್ಡರ್ ಬೆನ್ನನ್ನೇ ಉಬ್ಬಿಸುತ್ತದೆ. ಊಟ ಮುಗಿಸಿ ಬಂದು, ಮಧ್ಯಾಹ್ನದ ಬಿಸಿಲಲ್ಲಿ ಅಳತೆಯ ಯಂತ್ರವಾದ ಟೋಟಲ್ ಸ್ಟೇಷನ್ ಇಟ್ಟು, ಉಕ್ಕಿನ ಉಷ್ಣತೆ ಬರೆಯದೆ ಕೊಟ್ಟ ಅಂಕಿಯಿಂದ ಎಷ್ಟೇ ದುಬಾರಿ ಸಾಫ್ಟ್‌ವೇರ್ ಕೂಡ ತಪ್ಪು ಉತ್ತರವನ್ನೇ ಬಲು ಚೊಕ್ಕವಾಗಿ ಕೊಡುತ್ತದೆ. ಆ ಸಾಫ್ಟ್‌ವೇರ್ ಕೊಂಡ ಬಿಲ್ಲನ್ನೇ ಗುಣಮಟ್ಟದ ಪತ್ರವೆಂದು ಹಿಡಿಯುವವರ ಜೊತೆ ವಾದ ವ್ಯರ್ಥ.

ಚೆನಾಬ್ ಸೇತುವೆಯನ್ನು ತೋರಿಸುವವರಿದ್ದಾರೆ. 467 ಮೀಟರ್ ಕಮಾನಿನ ಆ ಸೇತುವೆಯ ವಿವರಗಳು ಕಂಪ್ಯೂಟರ್ ಮಾದರಿಯಲ್ಲಿ ಸಿದ್ಧವಾದದ್ದು, ಎರಡು ದಡದಿಂದ ಹೊರಟ ಕಮಾನು 2021ರ ಏಪ್ರಿಲ್‌ನಲ್ಲಿ ನಡುವೆ ಕೂಡಿದ್ದು, ಎರಡೂ ನಿಜ. ಆದರೆ ಅದರ ಇಳಿಜಾರು, ಅಡಿಪಾಯಗಳಿಗೆ ಸಲಹೆಗಾರರಾಗಿದ್ದ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಮಾಧವಿ ಲತಾ ಅವರ ಅನುಭವವನ್ನೂ ಕೇಳಬೇಕು: ಬಂಡೆ ಅಗೆದಂತೆ ಸಿಕ್ಕ ಬಿರುಕು, ಪೊಳ್ಳುಗಳಿಗೆ ತಕ್ಕಂತೆ ವಿನ್ಯಾಸವನ್ನು ತಿದ್ದುತ್ತಲೇ ಹೋಗಬೇಕಾಯಿತು. ಬಂಡೆಯ ಮಾತು ಕೇಳಿದ ಮೇಲೆ ಪ್ಲೇಟಿನ ಮಾತು ಕೇಳಲು ಯಾಕೆ ಸಂಕೋಚ?

ಟೆಂಡರಿನಲ್ಲಿ ಸಾಫ್ಟ್‌ವೇರ್ ಹೆಸರಿನ ಪಕ್ಕ ಇನ್ನು ಮೂರು ಕಾಲಂ ಇರಲಿ: ಅಳೆದವರು ಯಾರು, ಎಷ್ಟು ಹೊತ್ತಿಗೆ, ಉಕ್ಕು ಎಷ್ಟು ಡಿಗ್ರಿಯಲ್ಲಿತ್ತು. ಬೆಳಗಿನ ಜಾವ ಬರುವವನಿಗೆ ಓವರ್‌ಟೈಮ್ ಕೊಡಬೇಕಾಗುತ್ತದೆ, ಕೊಡಲಿ. ಅದನ್ನು ಉಳಿಸಿದರೆ, ಹಳಿ ದಾಟುವ ಸೇತುವೆಯಲ್ಲಿ ತೂತಿಗೆ ತೂತು ಕೂಡದೆ, ರಾತ್ರಿ ರೈಲು ನಿಲ್ಲಿಸಿದ ಒಂದೆರಡು ಗಂಟೆಯೊಳಗೆ ಹಳಿಯ ಮೇಲೆ ನೇತಾಡುತ್ತ ರೀಮರ್ ಹಿಡಿದು ತೂತು ಅಗಲ ಮಾಡುವವನಿಗೆ ಅದರ ಎರಡರಷ್ಟು ಕೊಡಬೇಕಾದೀತು.