ವಾಂತಿಭೇದಿಯ ಸಾವಿಗೆ ಹೊಣೆ ಯಾರು?

ಬಳ್ಳಿಗಾವಿಯ ಕೇದಾರೇಶ್ವರವನ್ನು ನೋಡಲು ಬರುವ ಮಹಾಶಯರು ಕಲ್ಲಿನ ಕೆತ್ತನೆಯನ್ನು ಹೊಗಳಿ ಹೋಗುತ್ತಾರೆ. ಅಲ್ಲಿನ ಕೋಡಿಯ ಮಠದ 1162ರ ಶಾಸನದ ಕಡೆ ತಿರುಗಿ ನೋಡುವವರು ಕಡಿಮೆ. ಆ ಮಠ ದಿಕ್ಕಿಲ್ಲದವರಿಗೆ ಅನ್ನ ಇಕ್ಕುವ, ಗತಿಯಿಲ್ಲದ ರೋಗಿಗಳಿಗೆ ಔಷಧ ಕೊಡುವ ಸ್ಥಳವೆಂದು ಬಿಜ್ಜಳನ ಕಾಲದ ಆ ಕಲ್ಲು ಸಾರುತ್ತದೆ. ರಾಜರ ಆಳ್ವಿಕೆಯನ್ನು ಕೊಂಡಾಡುವವರು ನಾವಲ್ಲ. ಆದರೆ ಇಂಥ ಶಾಸನವುಳ್ಳ ನಾಡಿನಲ್ಲಿ 2022ರಲ್ಲಿ ರಾಯಚೂರಿನ ಜನ, 2023ರ ಆಗಸ್ಟಿನಲ್ಲಿ ನೆರೆಯ ಚಿತ್ರದುರ್ಗದ ಕವಾಡಿಗರಹಟ್ಟಿಯ ಜನ ಕೊಳಕು ನೀರು ಕುಡಿದು, ವಾಂತಿಭೇದಿ ಹತ್ತಿ ಸತ್ತರು. ಸತ್ತವರ ಓಣಿಗೆ ಒಳ್ಳೆಯ ನೀರಿನ ಟ್ಯಾಂಕರೂ ಮಂತ್ರಿಯ ಕಾರೂ ಹೆಣ ಎತ್ತಿದ ಮೇಲೆಯೇ ಬರುವುದು ವಾಡಿಕೆ.

ಅಮ್ಮನ ಮುನಿಸು, ಹಣೆಬರಹ ಎಂದು ಸುಮ್ಮನಾಗುವವರಿಗೆ ಸ್ವಲ್ಪ ಪಾಠ ಹೇಳಲು ಅಪ್ಪಣೆ ಕೊಡಿ. ಮಲ ಬೆರೆತ ನೀರಿನೊಡನೆ ಹೊಟ್ಟೆ ಸೇರುವ ರೋಗಾಣು ಸಣ್ಣ ಕರುಳಿನ ಒಳಪದರವನ್ನು ಕೆಡಿಸುತ್ತದೆ. ನೀರನ್ನು ಹೀರಬೇಕಾದ ಕರುಳು ಹೀರುವುದಿಲ್ಲ. ಕಾಲರಾ ಆದರಂತೂ ಮೈಯೊಳಗಿನ ನೀರನ್ನೇ ಹೊರಕ್ಕೆ ಸುರಿಯುತ್ತದೆ. ನೀರಿನ ಜೊತೆ ಉಪ್ಪಿನಂಶವೂ ಹೋಗುತ್ತದೆ. ಕಣ್ಣು ಗುಳಿ ಬೀಳುತ್ತವೆ, ಕೈಕಾಲು ಸೆಳೆಯುತ್ತವೆ, ಮೂತ್ರ ನಿಲ್ಲುತ್ತದೆ, ನಾಡಿ ಸಿಕ್ಕದಂತಾಗುತ್ತದೆ. ಹತ್ತು ಕಿಲೋ ತೂಗುವ ಮಗುವಿನ ಮೈಯಿಂದ ಒಂದು ಲೀಟರು ನೀರು ಹೋದರೆ ಪ್ರಾಣಕ್ಕೇ ಸಂಚಕಾರ. ಹೀಗಿರುವಾಗ ‘ಕುಡಿಸಿದರೆ ಭೇದಿ ಹೆಚ್ಚುತ್ತದೆ’ ಎಂದು ಮಗುವಿಗೆ ನೀರು ತಪ್ಪಿಸುವುದು ಕೊಲೆಗೆ ಸಮಾನ.

ಕೆಟ್ಟ ಕರುಳಿನಲ್ಲಿಯೂ ಒಂದು ಬಾಗಿಲು ತೆರೆದೇ ಇರುತ್ತದೆ. ಸಕ್ಕರೆಯ ಜೊತೆ ಸೇರಿದ ಉಪ್ಪು ಕರುಳಿನ ಗೋಡೆ ದಾಟುತ್ತದೆ, ಅದರ ಹಿಂದೆ ನೀರೂ ದಾಟುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹರಡಿ, ನರಕ್ಕೆ ಏರಿಸುವ ಸಲೈನ್ ಬಾಟಲಿ ಮುಗಿದಾಗ, ಡಾಕ್ಟರ್ ದಿಲೀಪ್ ಮಹಲನಬೀಸ್ ಡ್ರಮ್ಮುಗಳಲ್ಲಿ ಉಪ್ಪು, ಸೋಡಾ, ಗ್ಲೂಕೋಸು ಕಲಸಿ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಕಾಯಿಸಿ ಆರಿಸಿದ ಒಂದು ಲೀಟರು ನೀರಿಗೆ ಆರು ಮಟ್ಟಸ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು — ಟೀ ಚಮಚದ ಅಳತೆ, ಉಪ್ಪು ಹೆಚ್ಚಾಗಕೂಡದು. ಆಶಾ ಕಾರ್ಯಕರ್ತೆಯ ಬಳಿಯ ಓ.ಆರ್.ಎಸ್. ಪೊಟ್ಟಣ ಸಿಕ್ಕರೆ ಇನ್ನೂ ಒಳ್ಳೆಯದು. ಎದೆಹಾಲು, ಗಂಜಿ ನಿಲ್ಲಿಸಬೇಡಿ. ಮಲದಲ್ಲಿ ರಕ್ತ ಕಂಡರೆ, ಮಗು ಮಂಕಾದರೆ, ಕುಡಿದದ್ದು ನಿಲ್ಲದಿದ್ದರೆ ಆಸ್ಪತ್ರೆಗೆ ಓಡಿ.

ಇಷ್ಟು ಅಗ್ಗದ ಔಷಧದಲ್ಲಿ ಬಂಡವಾಳಗಾರನಿಗೆ ಲಾಭವೆಲ್ಲಿ? ಆದ್ದರಿಂದ ಸಿಹಿ ಪಾನೀಯದ ಡಬ್ಬಿಗೆ ಓ.ಆರ್.ಎಸ್. ಎಂಬ ಹೆಸರು ಸೇರಿಸಿ ಮಾರಿದರು. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2022ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟು, 2025ರ ಅಕ್ಟೋಬರಿನಲ್ಲಿ ಹಿಂದಕ್ಕೆ ಪಡೆಯಿತು. ಸಕ್ಕರೆ ಅತಿಯಾದರೆ ಕರುಳಿಗೆ ಇನ್ನಷ್ಟು ನೀರು ಎಳೆದು ಭೇದಿ ಹೆಚ್ಚುತ್ತದೆ. ಅಂಗಡಿಯ ಬಂಧುಗಳೇ, ಲಾಭದ ದೊಡ್ಡ ಪಾಲು ಕಂಪನಿಗೆ, ಶಾಪ ಮಾತ್ರ ನಿಮ್ಮ ಗಲ್ಲಕ್ಕೆ. ಅಂಥ ಡಬ್ಬಿ ಉಳಿದಿದ್ದರೆ ವಾಪಸು ಕಳಿಸಿ.

ಗಿರಣಿಯ ಬಂಧುಗಳ ಸಂಕಟ ಬೇರೆ. 1948ರ ಇ.ಎಸ್.ಐ. ಕಾಯಿದೆ ಕಾಯಿಲೆಯ ಮೊದಲೆರಡು ದಿನಕ್ಕೆ ಭತ್ಯೆ ಇಲ್ಲವೆಂದು ನಿಯಮ ಮಾಡಿತು. ವಾಂತಿಭೇದಿ ಮನುಷ್ಯನನ್ನು ಹಿಂಡುವುದೇ ಆ ಎರಡು ದಿನ! ಹತ್ತಕ್ಕಿಂತ ಕಡಿಮೆ ಆಳುಗಳ ಅಕ್ಕಿ ಗಿರಣಿಯ ಹಮಾಲನಿಗೆ ಆ ಕಾಯಿದೆಯ ನೆರಳೂ ಇರಲಿಲ್ಲ. ಕೂಲಿ ತಪ್ಪೀತೆಂದು ಅವನು ಭೇದಿಯಲ್ಲೂ ಮೂಟೆ ಹೊರುತ್ತಾನೆ. ಬೆವರಾಗಿ ಮತ್ತಷ್ಟು ನೀರು ಹೋಗುತ್ತದೆ.

ನಲ್ಲಿಯ ತುದಿಯಲ್ಲಿ ಲೀಟರು ನೀರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂದು ಸರ್ಕಾರದ್ದೇ ಮಾನದಂಡ ಹೇಳುತ್ತದೆ. ಚರಂಡಿಯೊಳಗೆ ಹಾಯ್ದ ಒಡಕು ಪೈಪಿಗೆ ಆ ಮಾನದಂಡ ಓದಿ ಹೇಳುವವರು ಯಾರು? ಬರುವ ಗ್ರಾಮಸಭೆಯಲ್ಲಿ ಗಿರಣಿಯವರೂ ಅಂಗಡಿಯವರೂ ಒಟ್ಟಾಗಿ ಎದ್ದು ನಿಂತು ಕೇಳೋಣ: ಪ್ರತಿ ಕೇರಿಯ ನೀರಿನ ಪರೀಕ್ಷೆಯ ಅಂಕಿಗಳನ್ನು ವಾರ ವಾರ ಪಂಚಾಯಿತಿಯ ಬಾಗಿಲಿಗೆ ಅಂಟಿಸಿ, ಚರಂಡಿಯಲ್ಲಿರುವ ಪೈಪನ್ನು ಮಳೆಗಾಲಕ್ಕೆ ಮೊದಲೇ ಮೇಲಕ್ಕೆತ್ತಿ. ಗಿರಣಿ ಮಾಲೀಕರನ್ನು ಕೇಳಬೇಕಾದದ್ದು ಕಾಯಿಲೆಯ ಮೊದಲನೆಯ ದಿನದಿಂದಲೇ ಕೂಲಿ.