ಎರಕದ ಗುಂಡಿಗೆ ಯಾವ ಜಿಡ್ಡು?

ಸೀಸವನ್ನು ಮನೆಯಲ್ಲೇ ಕರಗಿಸಿ, ಅಚ್ಚಿಗೆ ಎರೆದು, ತಮ್ಮ ಬಂದೂಕಿಗೆ ತಾವೇ ಗುಂಡು ಮಾಡಿಕೊಳ್ಳುವ ಹವ್ಯಾಸಿಗಳು ಅಮೆರಿಕದಲ್ಲಿ ಬಹಳ. ಎರಕ ಆರಿದ ಮೇಲೆ ಎರಡು ಕೆಲಸ ಉಳಿಯುತ್ತವೆ: ಗುಂಡಿನ ಸುತ್ತಲಿನ ಗೀರುಗಳಿಗೆ ಜಿಡ್ಡು ತುಂಬುವುದು, ವ್ಯಾಸವನ್ನು ಅಳತೆಗೆ ತರುವುದು. ಲೈಮನ್, ಆರ್‌ಸಿಬಿಎಸ್ ಯಂತ್ರಗಳು ಎರಡನ್ನೂ ಒಂದೇ ಲೀವರಿನಲ್ಲಿ ಮುಗಿಸುತ್ತವೆ. ಲೀ ಕಂಪನಿಯ ಅಗ್ಗದ ಡೈಯಲ್ಲಿ ಗುಂಡನ್ನು ತಳ್ಳಿ ಹಾಯಿಸಿದರೆ ಅಳತೆಯಷ್ಟೇ ಸರಿಹೋಗುತ್ತದೆ. ಜಿಡ್ಡನ್ನು ಬೇರೆಯಾಗಿ ಹಚ್ಚಬೇಕು. ಯಾವುದು ಮೇಲೆಂಬ ವಾದ ಅವರಲ್ಲಿ ಮುಗಿಯುವಂಥದ್ದಲ್ಲ. ನನ್ನ ಮತ ಇಷ್ಟು: ಯಂತ್ರದ ಬೆಲೆ ಕೇಳುವ ಮೊದಲು ನಳಿಗೆಯನ್ನು ಅಳೆಯಬೇಕು. ಒಳಗೀರಿನ ವ್ಯಾಸಕ್ಕಿಂತ ಇಂಚಿನ ಸಾವಿರದಲ್ಲೊಂದು ಪಾಲು ದಪ್ಪವಿರುವ ಗುಂಡು ಒಳ್ಳೆಯದೆಂಬುದು ಅಲ್ಲಿನ ರೂಢಿ. ತೆಳುವಾದರೆ ಬಿಸಿ ಅನಿಲ ಪಕ್ಕದಿಂದ ನುಗ್ಗಿ, ಸೀಸ ನಳಿಗೆಗೆ ಮೆತ್ತಿಕೊಳ್ಳುತ್ತದೆ. ಆಮೇಲೆ ಎಂಥ ಜಿಡ್ಡು ಹಚ್ಚಿದರೂ ವ್ಯರ್ಥ.

ಬಂದೂಕನ್ನೇ ಮುಟ್ಟದ ಸರಕಾರಿ ನೌಕರನಿಗೆ ಈ ಉಸಾಬರಿ ಏಕೆ? 1857ರ ಪಾಠವನ್ನು ನಾವೆಲ್ಲ ಓದಿದವರೇ. ದನದ ಕೊಬ್ಬು, ಹಂದಿಯ ಕೊಬ್ಬು ಎಂದು ಬರೆದು ಅಂಕ ಪಡೆದೆವು. ಗುಂಡಿಗೆ ಜಿಡ್ಡೇ ಏಕೆ ಬೇಕೆಂದು ನಾನಂತೂ ಕೇಳಿರಲಿಲ್ಲ.

ಎನ್‌ಫೀಲ್ಡ್ ಬಂದೂಕಿನ ನಳಿಗೆ .577 ಇಂಚು, ಗುಂಡು .568. ಬಾಯಿಯ ಕಡೆಯಿಂದ ತುಂಬುವ ಬಂದೂಕಾದ್ದರಿಂದ ನಡುವೆ ಉಳಿದ ಆ ಕೂದಲೆಳೆಯ ಸಂದಿನಲ್ಲಿ ಜಿಡ್ಡು ಸವರಿದ ಕಾಗದ ಜಾರಬೇಕು. ನಾಲ್ಕಾರು ಸಲ ಹೊಡೆದರೆ ಮದ್ದಿನ ಮಸಿ ಕಟ್ಟಿ ಗುಂಡು ಇಳಿಯದು. ಆದ್ದರಿಂದ ಜಿಡ್ಡು ಅನಿವಾರ್ಯ. ಕೊಬ್ಬು ಅನಿವಾರ್ಯವಾಗಿರಲಿಲ್ಲ. ಇಂಗ್ಲೆಂಡಿನ ಮಿಶ್ರಣವನ್ನು ಇಲ್ಲಿಗೂ ಅನ್ವಯಿಸಿದವರು ತೋಟಾವನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಾದವನನ್ನು ಕೇಳಲಿಲ್ಲ. ಖರೀದಿಯ ಕಡತಗಳ ನಡುವೆ ವರ್ಷಗಳನ್ನು ಕಳೆದ ನನಗೆ ಇದರಲ್ಲಿ ಕಾಣುವುದು ಪಿತೂರಿಗಿಂತ ಹೆಚ್ಚಾಗಿ ಪರಿಚಿತವಾದ ಉದಾಸೀನ. ಬಳಸುವವನ ಅಭಿಪ್ರಾಯಕ್ಕೆ ನಮ್ಮ ನಮೂನೆಗಳಲ್ಲಿ ಇಂದಿಗೂ ಅಂಕಣವಿರುವುದು ಅಪರೂಪ.

ತಪ್ಪು ಬೇಗನೆ ತಿಳಿದೂ ಇತ್ತು. ಜನವರಿ ಮುಗಿಯುವ ಮೊದಲೇ, ಜಿಡ್ಡಿಲ್ಲದ ತೋಟಾ ಕೊಟ್ಟು ಸಿಪಾಯಿಗಳು ತಮಗೊಪ್ಪುವುದನ್ನು ತಾವೇ ಹಚ್ಚಿಕೊಳ್ಳಲಿ ಎಂಬ ಆದೇಶ ಹೊರಟಿತು. ಹಲ್ಲಿನ ಬದಲು ಕೈಯಿಂದ ಹರಿಯಲೂ ಅನುಮತಿ ಬಂತು. ಅಷ್ಟರಲ್ಲಿ ಕಾಗದದ ಹೊಳಪೇ ಸಂಶಯಕ್ಕೆ ಗುರಿಯಾಗಿತ್ತು. ಏಪ್ರಿಲ್ 24ರಂದು ಮೀರತ್ತಿನಲ್ಲಿ 90 ಜನರಲ್ಲಿ 85 ಮಂದಿ ತೋಟಾ ಮುಟ್ಟಲಿಲ್ಲ. ಅಲ್ಲಿ ಕೊಟ್ಟದ್ದು ಹಳೆಯ ತೋಟಾ. ಮೇ 9ರಂದು ಅವರಿಗೆ ಬೇಡಿ ಬಿತ್ತು. ಮರುದಿನ ಮೀರತ್ ಹೊತ್ತಿಕೊಂಡಿತು. ವರ್ಷದ ಕೊನೆಯ ಹೊತ್ತಿಗೆ, ಆಯುಧ ಒಪ್ಪಿಸಲಾರೆವೆಂದ ನಮ್ಮ ಹಲಗಲಿಯ ಬೇಡರವರೆಗೂ ಆ ಕಿಚ್ಚಿನ ಬಿಸಿ ತಲುಪಿತ್ತು.

ದಂಗೆ ಅಡಗಿದ ಮೇಲೆ ಎನ್‌ಫೀಲ್ಡಿನ ಗುಂಡನ್ನು .55 ಇಂಚಿಗೆ ಇಳಿಸಿದರು. ಕೊಬ್ಬನ್ನು ಬಿಟ್ಟು ಬರಿಯ ಜೇನುಮೇಣ ಹಚ್ಚತೊಡಗಿದರು.